ಮುಪ್ಪಿನ ಹಣ ಕಾಯುವ ಕೈಗಳು ಒಂದಾಗಲಿ

ನವನಗರ, ಬಾಗಲಕೋಟೆ



2025ರ ಕೊನೆಯ ನಾಲ್ಕು ತಿಂಗಳಲ್ಲಿ ಎರಡು ಸುದ್ದಿಗಳು ಬಂದವು. ನಮ್ಮ ಜನ ಅವನ್ನು ಬೇರೆ ಬೇರೆಯಾಗಿ ಓದಿದರು. ಎರಡನ್ನೂ ಒಟ್ಟಿಗೆ ಇಟ್ಟು ಓದಿದರೆ ಮಾತ್ರ ಅವುಗಳ ಅರ್ಥ ತಿಳಿಯುತ್ತದೆ.

ಮೊದಲನೆಯದು ನಮ್ಮ ಜಿಲ್ಲೆಯದು. ಸೆಪ್ಟೆಂಬರ್ 16ರಂದು ರಾಜ್ಯ ಸಚಿವ ಸಂಪುಟವು ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ ಭೂಪರಿಹಾರದ ದರ ನಿಗದಿ ಮಾಡಿತು. ಆಲಮಟ್ಟಿಯ ನೀರಿನ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಿದಾಗ ಮುಳುಗುವ ಜಮೀನು ಸುಮಾರು 75 ಸಾವಿರ ಎಕರೆ. ಅದರಲ್ಲಿ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಭೂಮಿಗೆ 30 ಲಕ್ಷ ರೂಪಾಯಿ.

ಎರಡನೆಯದು ದೇಶಕ್ಕೆಲ್ಲ ಸಂಬಂಧಿಸಿದ್ದು. ಡಿಸೆಂಬರಿನಲ್ಲಿ ಪಿಂಚಣಿ ನಿಧಿ ನಿಯಂತ್ರಣ ಪ್ರಾಧಿಕಾರ, ಅಂದರೆ ಪಿಎಫ್‌ಆರ್‌ಡಿಎ, ಎನ್‌ಪಿಎಸ್‌ನಿಂದ ಹೊರಬರುವ ನಿಯಮ ಬದಲಿಸಿತು. ಸರ್ಕಾರಿ ನೌಕರರಲ್ಲದವರು ಮೊದಲು ಶೇ 60ರಷ್ಟು ಇಡುಗಂಟು ಪಡೆದು, ಕನಿಷ್ಠ ಶೇ 40ರಷ್ಟನ್ನು ತಿಂಗಳ ಪಿಂಚಣಿಗೆ ತೊಡಗಿಸಬೇಕಿತ್ತು. ಈಗ ಶೇ 80ರವರೆಗೆ ಕೈಗೆ ಪಡೆಯಬಹುದು, ಪಿಂಚಣಿಗೆ ಶೇ 20 ತೊಡಗಿಸಿದರೆ ಸಾಕು. ಕೂಡಿದ ಹಣ 8 ಲಕ್ಷದೊಳಗಿದ್ದರೆ ಪೂರ್ತಿ ಕೈಗೆ ತೆಗೆದುಕೊಳ್ಳಬಹುದು.

ಎರಡರ ತಾತ್ಪರ್ಯ ಒಂದೇ. ಅರವತ್ತರ ಆಸುಪಾಸಿನ ಮನುಷ್ಯನ ಕೈಗೆ ಒಮ್ಮೆಲೇ ದೊಡ್ಡ ಗಂಟು ಬರುತ್ತದೆ. ಆ ಗಂಟನ್ನು ಮುಂದಿನ ಇಪ್ಪತ್ತು ಇಪ್ಪತ್ತೈದು ವರ್ಷ ತಿಂಗಳ ಹಣವಾಗಿ ಮಾಡಿಕೊಳ್ಳುವ ಹೊಣೆಯೂ ಅವನದೇ ಆಗುತ್ತದೆ. ಮೊದಲು ಆ ಕೆಲಸದ ಒಂದು ಪಾಲನ್ನು ಕಾನೂನು ಮಾಡುತ್ತಿತ್ತು. ಈಗ ಅದನ್ನು ಬ್ಯಾಂಕಿನವರು, ಅಂಚೆ ಕಚೇರಿಯವರು, ವಿಮೆ ಏಜೆಂಟರು, ಲೆಕ್ಕಪರಿಶೋಧಕರು ಮತ್ತು ಮನೆಯವರು ಕೂಡಿ ಮಾಡಬೇಕು. ಇವರು ಒಬ್ಬರ ಜೊತೆ ಒಬ್ಬರು ಮಾತಾಡುತ್ತಾರೆಯೇ? ಇಂದಿನ ಪ್ರಶ್ನೆ ಅದು.

ಮುಳುಗಡೆ ಊರು ಕಂಡ ಪಾಠ

ನವನಗರದವರಿಗೆ ಇದು ಹೊಸ ಪ್ರಶ್ನೆಯಲ್ಲ. ಆಲಮಟ್ಟಿ ಹಿನ್ನೀರು ಹಳೇ ಬಾಗಲಕೋಟೆಯನ್ನು ಆವರಿಸಿದಾಗ, ನಿರಾಶ್ರಿತರಾದವರಿಗಾಗಿ ಬಾಗಲಕೋಟೆ ಪಟ್ಟಣಾಭಿವೃದ್ಧಿ ಪ್ರಾಧಿಕಾರ ಕಟ್ಟಿದ ಊರಿದು. ಇಲ್ಲಿ ಪೇಟೆಯೂ ಮನೆಯೂ ಸೆಕ್ಟರ್ ಲೆಕ್ಕದಲ್ಲಿ ಹೊಸದಾಗಿ ಶುರುವಾದವು. ಪರಿಹಾರದ ಹಣ ಕಂತಿನಲ್ಲಿ ಬಂತು. ಕೋರ್ಟಿಗೆ ಹೋದವರಿಗೆ ಹೆಚ್ಚುವರಿ ಪರಿಹಾರ ತಡವಾಗಿ ಬಂತು. ಹಣ ಬಂದ ವಾರ ಬಟ್ಟೆ, ಬಂಗಾರ, ಮೋಟರ್ ಸೈಕಲ್ ಅಂಗಡಿಗಳಲ್ಲಿ ಗಿರಾಕಿ ಹೆಚ್ಚುತ್ತಿದ್ದದ್ದನ್ನು ಇಲ್ಲಿನ ವ್ಯಾಪಾರಸ್ಥರೆಲ್ಲ ಕಂಡಿದ್ದಾರೆ. ಮನೆ ಕಟ್ಟುವುದು, ಮಗಳ ಮದುವೆ ಮಾಡುವುದು, ಸಾಲ ತೀರಿಸುವುದು ತಪ್ಪಲ್ಲ. ಆದರೆ ಹೊಲ ಇದ್ದಾಗ ವರ್ಷಕ್ಕೊಮ್ಮೆ ಜೋಳ, ಕಡಲೆ, ಸೂರ್ಯಕಾಂತಿ ಬರುತ್ತಿತ್ತು. ಹೊಲ ಹೋದ ಮೇಲೆ ಆ ವರುಷದ ಫಸಲಿನ ಜಾಗದಲ್ಲಿ ಏನು ಬರಬೇಕು ಎಂಬುದನ್ನು ಕೂತು ಲೆಕ್ಕ ಹಾಕಿದವರು ಕಡಿಮೆ. ಲೆಕ್ಕ ಹಾಕಿಕೊಡುವವರೂ ಕಡಿಮೆ ಇದ್ದರು.

ಹೊಲ ಕೊಡುವ ರೈತ, ಅಂಗಡಿ ಬಿಟ್ಟುಕೊಡುವ ವರ್ತಕ, ಎನ್‌ಪಿಎಸ್ ಹಣ ಪಡೆಯುವ ಖಾಸಗಿ ನೌಕರ, ಮೂವರೂ ಈ ವಿಷಯದಲ್ಲಿ ಒಂದೇ ದೋಣಿಯಲ್ಲಿದ್ದಾರೆ. ನಮ್ಮ ಸಮಾಜದಲ್ಲಿ ಮೂರೂ ಬಗೆಯವರಿದ್ದಾರೆ.

ಒಂದು ಪಿಂಚಣಿಯ ಹಿಂದೆ ಎಷ್ಟು ಕೈ

ಎನ್‌ಪಿಎಸ್ ಖಾತೆಯೊಂದನ್ನೇ ನೋಡಿ. ಖಾತೆ ತೆರೆಯುವುದು ಬ್ಯಾಂಕ್ ಅಥವಾ ಅಂಚೆ ಕಚೇರಿ, ಇಲ್ಲವೇ ಆನ್‌ಲೈನ್. ಲೆಕ್ಕ ಬರೆದಿಡುವುದು ಕೇಂದ್ರ ದಾಖಲೆ ಸಂಸ್ಥೆ. ಪ್ರೋಟಿಯನ್, ಕೆಫಿನ್‌ಟೆಕ್, ಕ್ಯಾಮ್ಸ್ ಎಂಬ ಮೂರು ಸಂಸ್ಥೆಗಳು ಈ ಕೆಲಸ ಮಾಡುತ್ತವೆ. ಹಣ ಹೂಡುವುದು ನಾವು ಆರಿಸಿದ ಪಿಂಚಣಿ ನಿಧಿ. ಹಣ ಸಾಗುವುದು ಟ್ರಸ್ಟಿ ಬ್ಯಾಂಕಿನ ಮೂಲಕ. ಷೇರು ಮತ್ತು ಬಾಂಡುಗಳನ್ನು ಕಾಯುವುದು ಇನ್ನೊಂದು ಸಂಸ್ಥೆ. ಚಂದಾದಾರರ ಹಿತ ನೋಡುವುದು ಎನ್‌ಪಿಎಸ್ ಟ್ರಸ್ಟ್. ಅರವತ್ತಾದ ಮೇಲೆ ತಿಂಗಳ ಪಿಂಚಣಿ ಕೊಡುವುದು ವಿಮಾ ಕಂಪನಿ. ಬ್ಯಾಂಕಿನವರು ಆನ್ಯುಯಿಟಿ ಎನ್ನುವುದು ಇದಕ್ಕೇ. ಹೀಗೆ ಒಬ್ಬ ಮನುಷ್ಯನ ಹಣ ಏಳು ಕೈ ದಾಟುತ್ತದೆ.

ಭವಿಷ್ಯನಿಧಿಯಲ್ಲಿ ಕೈಗಳು ಕಡಿಮೆ, ಆದರೆ ಅಲ್ಲಿ ಮೊದಲ ಕೈ ಮಾಲೀಕನದು. ಅವನು ಕಟ್ಟಿದರೆ ಮಾತ್ರ ಉಳಿದದ್ದೆಲ್ಲ ನಡೆಯುತ್ತದೆ. ಮಾಲೀಕನ ಶೇ 12ರ ಪಾಲಿನಲ್ಲಿ ಶೇ 8.33 ಪಿಂಚಣಿ ಯೋಜನೆಗೆ ಹೋಗುತ್ತದೆ. 15 ಸಾವಿರ ರೂಪಾಯಿ ವೇತನದ ಮಿತಿಯಲ್ಲಿ 20 ವರ್ಷ ದುಡಿದವನ ಪಿಂಚಣಿ ಲೆಕ್ಕ ಸರಳ: 20ಕ್ಕೆ ನಿಯಮದಂತೆ ಸಿಗುವ 2 ವರ್ಷ ಕೂಡಿಸಿ, 15,000ವನ್ನು 22ರಿಂದ ಗುಣಿಸಿ 70ರಿಂದ ಭಾಗಿಸಿ. ತಿಂಗಳಿಗೆ 4,714 ರೂಪಾಯಿ ಚಿಲ್ಲರೆ. ಹತ್ತು ವರ್ಷ ತುಂಬದಿದ್ದರೆ ಆ ಪಿಂಚಣಿಯೇ ಇಲ್ಲ. ಕೆಲಸ ಬದಲಿಸುವಾಗ ಹಳೆಯ ಸೇವೆಯನ್ನು ಹೊಸ ಖಾತೆಗೆ ಸೇರಿಸದೆ ಬಿಟ್ಟವನು ಈ ಹತ್ತು ವರ್ಷದ ಗಡಿಯಲ್ಲೇ ಸಿಕ್ಕಿಕೊಳ್ಳುತ್ತಾನೆ.

ಕೂಡುವ ಜಾಗದಲ್ಲೇ ಹರಿಯುತ್ತದೆ

ಇಳಕಲ್ ಸೀರೆ ನೇಯುವವರಿಗೆ ಗೊತ್ತಿರುವ ಮಾತಿದು: ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸು, ಎರಡನ್ನೂ ಕೂಡಿಸುವ ತೊಪೆತೆನಿ ಬಿಗಿಯಾಗಿರಬೇಕು. ಪಿಂಚಣಿಯೂ ಹಾಗೆಯೇ. ಪ್ರತಿ ಸಂಸ್ಥೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿರುತ್ತದೆ, ಆದರೆ ಒಂದರಿಂದ ಇನ್ನೊಂದಕ್ಕೆ ಸಾಗುವ ಜಾಗದಲ್ಲಿ ಕೆಲಸ ನಿಲ್ಲುತ್ತದೆ.

ಹೆಸರಿನ ಗೊಂದಲ ನಮ್ಮ ಸಮಾಜದಲ್ಲಿ ಎಲ್ಲರಿಗಿಂತ ಹೆಚ್ಚು. ಶಾಲೆಯ ದಾಖಲೆಯಲ್ಲಿ ಮನೆತನದ ಹೆಸರು, ಆಧಾರ್‌ನಲ್ಲಿ ಬರೀ ‘ಜೈನ್’, ಪ್ಯಾನ್‌ನಲ್ಲಿ ತಂದೆಯ ಹೆಸರು ನಡುವೆ, ಬ್ಯಾಂಕಿನಲ್ಲಿ ಇನಿಶಿಯಲ್ ಮಾತ್ರ. ಮೂವತ್ತು ವರ್ಷ ಇದರಿಂದ ಏನೂ ತೊಂದರೆ ಇಲ್ಲ. ಹಣ ಕೇಳುವ ದಿನ ನಾಲ್ಕು ದಾಖಲೆಯೂ ನಾಲ್ಕು ಮನುಷ್ಯರಂತೆ ಕಾಣುತ್ತವೆ.

ಬ್ಯಾಂಕ್ ವಿಲೀನ ಎರಡನೆಯದು. ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಕ್ಕೆ ಸೇರಿತು. ಮರುವರ್ಷ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ನಮ್ಮ ಭಾಗದ ಹಳ್ಳಿಹಳ್ಳಿಯಲ್ಲಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಯಿತು. ಬ್ಯಾಂಕ್ ಒಂದಾದಾಗ ಐಎಫ್‌ಎಸ್‌ಸಿ ಸಂಖ್ಯೆ ಬದಲಾಗುತ್ತದೆ. ಹಳೆಯ ಪಾಸ್‌ಬುಕ್ ನೋಡಿ ಬರೆದ ಸಂಖ್ಯೆ ಭವಿಷ್ಯನಿಧಿಯಲ್ಲಿ, ವಿಮೆಯಲ್ಲಿ ಹಾಗೇ ಉಳಿದಿದ್ದರೆ ಹಣ ಬರಬೇಕಾದ ದಿನ ತೊಡಕು. ಇದನ್ನು ಹೇಳಬೇಕಾದವರು ಬ್ಯಾಂಕಿನವರೋ, ವಿಮೆಯವರೋ, ಮಾಲೀಕನೋ? ಯಾರ ಕೆಲಸವೂ ಅಲ್ಲದ್ದರಿಂದ ಯಾರೂ ಹೇಳುವುದಿಲ್ಲ.

ಮೂರನೆಯದು ನಾಮಿನಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ಆದರೆ ಬ್ಯಾಂಕಿನಲ್ಲಿ ಬದಲಿಸಿದ ನಾಮಿನಿ ಭವಿಷ್ಯನಿಧಿಯಲ್ಲಿ ತಾನಾಗಿ ಬದಲಾಗುವುದಿಲ್ಲ, ಎನ್‌ಪಿಎಸ್‌ನಲ್ಲೂ ಇಲ್ಲ, ವಿಮೆಯಲ್ಲೂ ಇಲ್ಲ. ಮದುವೆಗೆ ಮುಂಚೆ ತಾಯಿಯ ಹೆಸರು ಬರೆಸಿ, ತಾಯಿ ತೀರಿಕೊಂಡು, ಹೆಂಡತಿಯ ಹೆಸರು ಎಲ್ಲಿಯೂ ಸೇರದ ದಾಖಲೆಗಳು ನಮ್ಮ ಮನೆಗಳಲ್ಲೇ ಇವೆ.

ನಾಲ್ಕನೆಯದು ದೂರು. ಬ್ಯಾಂಕಿನ ಮೇಲೆ ದೂರು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ. ವಿಮೆಯದು ವಿಮಾ ಒಂಬುಡ್ಸ್‌ಮನ್‌ಗೆ. ಎನ್‌ಪಿಎಸ್‌ನದಕ್ಕೆ ಬೇರೆ, ಭವಿಷ್ಯನಿಧಿಯದಕ್ಕೆ ಬೇರೆ. ತಪ್ಪು ಎರಡು ಸಂಸ್ಥೆಗಳ ನಡುವೆ ಆಗಿದ್ದರೆ ಯಾವ ಬಾಗಿಲು ತಟ್ಟಬೇಕು ಎಂಬುದೇ ವೃದ್ಧರಿಗೆ ತಿಳಿಯುವುದಿಲ್ಲ.

ಕೂಡಿ ದುಡಿದಾಗ

ಇದು ಸರಿಹೋಗದ ರೋಗವೇನಲ್ಲ. ಭವಿಷ್ಯನಿಧಿ ಪಿಂಚಣಿಯಲ್ಲಿ ಮೊದಲು ಪ್ರತಿ ಪ್ರಾದೇಶಿಕ ಕಚೇರಿಗೂ ಕೆಲವೇ ಬ್ಯಾಂಕುಗಳ ಜೊತೆ ಒಪ್ಪಂದ ಇರುತ್ತಿತ್ತು. ಪಿಂಚಣಿದಾರ ಹುಬ್ಬಳ್ಳಿಯಿಂದ ಮಗನ ಮನೆಗೆ ಪುಣೆಗೆ ಹೋದರೆ ಪಿಂಚಣಿ ಆದೇಶದ ಕಾಗದ ಕಚೇರಿಯಿಂದ ಕಚೇರಿಗೆ ಹೋಗಬೇಕಿತ್ತು. 2025ರ ಜನವರಿಯಿಂದ ಕೇಂದ್ರೀಕೃತ ಪಾವತಿ ವ್ಯವಸ್ಥೆ ಬಂದು, ದೇಶದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಪಿಂಚಣಿ ಪಡೆಯಬಹುದಾಯಿತು. ಪಿಂಚಣಿಯ ದರ ಒಂದು ರೂಪಾಯಿ ಹೆಚ್ಚಲಿಲ್ಲ. ಕಚೇರಿ ಕಚೇರಿಯ, ಬ್ಯಾಂಕ್ ಬ್ಯಾಂಕಿನ ನಡುವಿನ ಸಂಬಂಧ ಸರಿಹೋಯಿತು, ಅಷ್ಟೇ. ಲಕ್ಷಾಂತರ ವೃದ್ಧರ ಓಡಾಟ ತಪ್ಪಿತು.

ಎನ್‌ಪಿಎಸ್‌ನಲ್ಲೂ ಹಾಗೆಯೇ. 2024ರ ಜುಲೈ 1ರಿಂದ, ಬೆಳಿಗ್ಗೆ 11 ಗಂಟೆಯೊಳಗೆ ಟ್ರಸ್ಟಿ ಬ್ಯಾಂಕಿಗೆ ಸೇರಿದ ಹಣ ಅದೇ ದಿನ ಹೂಡಿಕೆಯಾಗುತ್ತದೆ. ಮೊದಲು ಮರುದಿನ ಆಗುತ್ತಿತ್ತು. ಜೀವನ ಪ್ರಮಾಣ ಪತ್ರದ್ದೂ ಇದೇ ಕಥೆ. 2014ರಲ್ಲಿ ಡಿಜಿಟಲ್ ಪ್ರಮಾಣ ಪತ್ರ ಬಂದ ಮೇಲೆ ಆಧಾರ್, ಬ್ಯಾಂಕ್, ಅಂಚೆ ಇಲಾಖೆ ಕೂಡಿದವು. ಈಗ ಹಾಸಿಗೆ ಹಿಡಿದ ಪಿಂಚಣಿದಾರರ ಮನೆಗೇ ಅಂಚೆಯವರು ಬಂದು ಆ ಕೆಲಸ ಮುಗಿಸಿಕೊಡುತ್ತಾರೆ.

ಕೂಡದಿದ್ದಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ, ಅದು ನಮ್ಮದೇ ವರ್ಗದ್ದು. 2019ರಲ್ಲಿ ಸಣ್ಣ ವ್ಯಾಪಾರಿಗಳಿಗಾಗಿ ಪಿಂಚಣಿ ಯೋಜನೆ ಬಂತು. ವರ್ಷಕ್ಕೆ ಒಂದೂವರೆ ಕೋಟಿಯೊಳಗಿನ ವಹಿವಾಟು, 18ರಿಂದ 40 ವಯಸ್ಸು, ಅರವತ್ತರ ನಂತರ ತಿಂಗಳಿಗೆ 3,000 ರೂಪಾಯಿ. ನಾವು ಕಟ್ಟಿದಷ್ಟೇ ಹಣವನ್ನು ಕೇಂದ್ರ ಸರ್ಕಾರವೂ ಹಾಕುತ್ತದೆ. ಮೂರು ಕೋಟಿ ವ್ಯಾಪಾರಿಗಳಿಗೆ ಅನುಕೂಲ ಎಂದು ಬಜೆಟ್‌ನಲ್ಲಿ ಹೇಳಿದ್ದರು. ನೋಂದಣಿ ಅದರ ಹತ್ತಿರಕ್ಕೂ ಬರಲಿಲ್ಲ. ಯೋಜನೆ ಕಾರ್ಮಿಕ ಸಚಿವಾಲಯದ್ದು, ನೋಂದಣಿ ಸಾಮಾನ್ಯ ಸೇವಾ ಕೇಂದ್ರದ್ದು, ನಿಧಿ ಎಲ್‌ಐಸಿಯದ್ದು, ಕಂತು ಕಡಿತ ಬ್ಯಾಂಕಿನದು. ಆದಾಯ ತೆರಿಗೆ ಕಟ್ಟುವವರಿಗೆ ಇದು ಸಿಗುವುದಿಲ್ಲ ಎಂಬುದು ವ್ಯಾಪಾರಿಗಳು ದೂರ ಉಳಿಯಲು ಒಂದು ಕಾರಣ ಇರಬಹುದು. ಆದರೆ ಇನ್ನೊಂದನ್ನು ಗಮನಿಸಿ: ಪೇಟೆಯ ವ್ಯಾಪಾರಿ ದಿನಾ ಭೇಟಿಯಾಗುವುದು ಪಿಗ್ಮಿ ಏಜೆಂಟ್, ತೆರಿಗೆ ಸಲಹೆಗಾರ, ವರ್ತಕರ ಸಂಘದ ಪದಾಧಿಕಾರಿ. ಈ ಮೂವರಿಗೂ ಯೋಜನೆಯಲ್ಲಿ ಜಾಗವೇ ಇರಲಿಲ್ಲ.

ಪಿಗ್ಮಿ ಹುಟ್ಟಿದ್ದು ನಮ್ಮ ರಾಜ್ಯದಲ್ಲೇ, 1928ರಲ್ಲಿ, ಉಡುಪಿಯ ಸಿಂಡಿಕೇಟ್ ಬ್ಯಾಂಕಿನ ಡಾ. ಟಿ.ಎಂ.ಎ. ಪೈ ಅವರಿಂದ. ದಿನಕ್ಕೆ ಎರಡಾಣೆ ಕೂಡಿಸಲು ಒಬ್ಬ ಮನುಷ್ಯ ಅಂಗಡಿ ಬಾಗಿಲಿಗೆ ಬರುತ್ತಿದ್ದ. ಕೂಡಿಸುವವನ ಮುಖ ಗೊತ್ತಿತ್ತು. ಅದಕ್ಕೇ ಅದು ಬೆಳೆಯಿತು.

ಸಲಹೆ ಕೊಡುವವರ ನಡುವಿನ ಗೋಡೆ

ಪರಿಹಾರದ ಹಣಕ್ಕೆ ಬರೋಣ. ಒಂದು ಕುಟುಂಬಕ್ಕೆ ಎರಡು ಎಕರೆ ಒಣಭೂಮಿಗೆ 60 ಲಕ್ಷ ಬಂತು ಎಂದುಕೊಳ್ಳಿ. ಗಂಡ ಹೆಂಡತಿ ಇಬ್ಬರಿಗೂ ಅರವತ್ತು ದಾಟಿದೆ. ಅಂಚೆ ಕಚೇರಿಯವರು ಹಿರಿಯ ನಾಗರಿಕರ ಉಳಿತಾಯ ಯೋಜನೆ ಹೇಳುತ್ತಾರೆ: ಒಬ್ಬರಿಗೆ 30 ಲಕ್ಷದವರೆಗೆ, ಶೇ 8.2 ಬಡ್ಡಿ ಹಿಡಿದರೆ ಮೂರು ತಿಂಗಳಿಗೆ 61,500 ರೂಪಾಯಿ. ಒಳ್ಳೆಯ ಮಾತು. ಆದರೆ ಗಂಡನ ಹಣವನ್ನು ಹೆಂಡತಿಯ ಹೆಸರಿಗೆ ಹಾಕಿದರೆ ಆ ಬಡ್ಡಿ ತೆರಿಗೆ ಲೆಕ್ಕದಲ್ಲಿ ಗಂಡನ ಆದಾಯಕ್ಕೇ ಸೇರುತ್ತದೆ ಎಂಬುದನ್ನು ಹೇಳಬೇಕಾದವರು ಲೆಕ್ಕಪರಿಶೋಧಕರು. ಐದು ವರ್ಷಕ್ಕೆ ಅವಧಿ ಮುಗಿಯುತ್ತದೆ, ಮುಂದುವರಿಸಬೇಕು ಎಂಬುದನ್ನು ನೆನಪಿಸಬೇಕಾದವರು ಮತ್ತೆ ಯಾರೋ. ಆಸ್ಪತ್ರೆ ಖರ್ಚು ಬಂದರೆ ಯಾವ ಗಂಟು ಒಡೆಯಬೇಕು ಎಂದು ವಿಮೆಯವರು ಹೇಳಬೇಕು. ಎಲ್ಲವನ್ನೂ ಒಂದೇ ಕಡೆ ಕಟ್ಟಿಹಾಕಬೇಡಿ ಎಂದು ಹೇಳಬೇಕಾದವರು ಎಲ್ಲರೂ.

ಈಗ ನಡೆಯುವುದು ಬೇರೆ. ಹಣ ಜಮಾ ಆದ ಸುದ್ದಿ ಊರಿಗೆ ಮೊದಲು ಗೊತ್ತಾಗುತ್ತದೆ. ಬಂದ ಪ್ರತಿಯೊಬ್ಬರೂ ತಮ್ಮದನ್ನೇ ಹೇಳಿ, ಇನ್ನೊಬ್ಬರದನ್ನು ಹಳಿದು ಹೋಗುತ್ತಾರೆ. ಕಮಿಷನ್ ಪಡೆಯುವುದು ಅಪರಾಧವಲ್ಲ. ದಲಾಲಿ ಇಲ್ಲದೆ ನಮ್ಮ ಅಡತ ವ್ಯಾಪಾರವೂ ನಡೆಯುವುದಿಲ್ಲ. ಆದರೆ ಅಡತಿ ಪಟ್ಟಿಯಲ್ಲಿ ದಲಾಲಿ, ಹಮಾಲಿ, ತೂಕ ಎಲ್ಲವನ್ನೂ ಬರೆದು ಕೊಡುತ್ತೇವೆ. ಮುಪ್ಪಿನ ಹಣದ ಸಲಹೆಯಲ್ಲೂ ಆ ಪಟ್ಟಿ ಇರಬೇಕು. ಸೆಬಿಯಲ್ಲಿ ನೋಂದಾಯಿತ ಹೂಡಿಕೆ ಸಲಹೆಗಾರರು ಗಿರಾಕಿಯಿಂದ ನೇರ ಶುಲ್ಕ ಪಡೆಯುತ್ತಾರೆ, ಏಜೆಂಟರು ಕಂಪನಿಯಿಂದ ಪಡೆಯುತ್ತಾರೆ. ಯಾರು ಯಾರ ಕಡೆಯವರು ಎಂದು ತಿಳಿದಿದ್ದರೆ ಇಬ್ಬರ ಮಾತನ್ನೂ ಕೇಳಬಹುದು.

ಒಂದು ಎಚ್ಚರಿಕೆ. ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಸಹಕಾರಿ ಬ್ಯಾಂಕ್ ಸೇರಿ, ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಬ್ಯಾಂಕ್ ಅಲ್ಲದ ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲ. ಒಂದು ಶೇಕಡ ಹೆಚ್ಚು ಬಡ್ಡಿಗೆ ಹೋಗುವ ಮೊದಲು ಇದನ್ನು ಕೇಳಿಕೊಳ್ಳಿ.

ನಮ್ಮ ಗಲ್ಲೆಯ ಈಚೆಗೆ ಕೂತವರು

ಬೇರೆಯವರನ್ನು ಹೇಳಿ ನಮ್ಮನ್ನು ಬಿಟ್ಟರೆ ಮಾತು ಅರ್ಧವಾಗುತ್ತದೆ. ನಮ್ಮಲ್ಲಿ ಹಲವರು ಮಾಲೀಕರು. ಬಟ್ಟೆ, ಬಂಗಾರ, ಕಿರಾಣಿ, ಔಷಧ, ಇಳಕಲ್ಲಿನ ಗ್ರಾನೈಟ್, ಎಲ್ಲ ಕಡೆ ಗುಮಾಸ್ತರಿದ್ದಾರೆ, ಹಮಾಲರಿದ್ದಾರೆ. ಇಪ್ಪತ್ತು ಜನರಿಗಿಂತ ಕಡಿಮೆ ಇರುವ ಅಂಗಡಿಗೆ ಭವಿಷ್ಯನಿಧಿ ಕಡ್ಡಾಯವಲ್ಲ ಎಂದು ನಾವು ಸುಮ್ಮನಿದ್ದೇವೆ. ಅಂದ ಮಾತ್ರಕ್ಕೆ ಆ ಗುಮಾಸ್ತನಿಗೆ ಮುಪ್ಪು ಬಾರದೇ ಇರುವುದಿಲ್ಲ.

ಅಟಲ್ ಪಿಂಚಣಿ ಯೋಜನೆ ಇಂಥವರಿಗಾಗಿಯೇ ಇದೆ. ತಿಂಗಳಿಗೆ 5,000 ರೂಪಾಯಿ ಪಿಂಚಣಿ ಬೇಕಾದರೆ 18ರ ಹುಡುಗ ತಿಂಗಳಿಗೆ 210 ರೂಪಾಯಿ, 30ರವನು 577, 40ರವನು 1,454 ಕಟ್ಟಬೇಕು. ಅವನ ನಂತರ ಗಂಡನಿಗೋ ಹೆಂಡತಿಗೋ ಅದೇ ಪಿಂಚಣಿ, ಇಬ್ಬರ ನಂತರ ನಾಮಿನಿಗೆ ಇಡುಗಂಟು. ಆದಾಯ ತೆರಿಗೆ ಕಟ್ಟುವವರು ಸೇರುವಂತಿಲ್ಲ, ನಲವತ್ತು ದಾಟಿದವರಿಗೆ ಬಾಗಿಲು ಮುಚ್ಚಿದೆ. ಮೂವತ್ತರ ಗುಮಾಸ್ತನ ಕಂತಿನಲ್ಲಿ ಅರ್ಧವನ್ನು ಅಂಗಡಿ ಕೊಟ್ಟರೆ ನಮಗೆ ಬೀಳುವ ಭಾರ ತಿಂಗಳಿಗೆ ಮುನ್ನೂರು ರೂಪಾಯಿಯೂ ಇಲ್ಲ. ದೀಪಾವಳಿ ಬೋನಸ್ಸಿಗಿಂತ ಇದು ಅವನಿಗೆ ಹೆಚ್ಚು ದಿನ ಬಾಳುತ್ತದೆ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು, ವಾತ್ಸಲ್ಯವೂ ಒಂದು. ಜಾರುವವನನ್ನು ಹಿಡಿದು ನಿಲ್ಲಿಸುವುದು ಧರ್ಮದ ಮಾತು. ಅನ್ನದ ಚಿಂತೆ ಇದ್ದವನನ್ನು ಧರ್ಮದಲ್ಲಿ ನಿಲ್ಲಿಸುವುದು ಕಷ್ಟ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಈಗ ಮಾಡಬಹುದಾದದ್ದು

ಇದಕ್ಕೆ ಹೊಸ ಸಂಸ್ಥೆ ಬೇಡ, ಹೊಸ ನಿಧಿಯೂ ಬೇಡ. ಪ್ರತಿ ಊರಿನ ಬಸದಿ, ಮಂದಿರಗಳ ಕಮಿಟಿ ಇಷ್ಟು ಮಾಡಿದರೆ ಸಾಕು.

ಒಂದು, ವರ್ಷಕ್ಕೆ ಎರಡು ಸಲ ಎಲ್ಲರನ್ನೂ ಒಂದೇ ಸಭಾಭವನದಲ್ಲಿ ಕೂಡಿಸಿ. ಬ್ಯಾಂಕ್, ಅಂಚೆ, ಎಲ್‌ಐಸಿ, ಲೆಕ್ಕಪರಿಶೋಧಕ, ವಕೀಲ, ಎಲ್ಲರ ಮೇಜೂ ಅಕ್ಕಪಕ್ಕ ಇರಲಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳಿಸಿಕೊಳ್ಳಲಿ. ಚಾತುರ್ಮಾಸದಲ್ಲಿ ಹೇಗೂ ಜನ ಸೇರುತ್ತಾರೆ. ಮುಳುಗಡೆ ಭಾಗದಲ್ಲಿ ಈ ಸಭೆ ಪರಿಹಾರದ ಹಣ ಬರುವ ಮೊದಲೇ ನಡೆಯಬೇಕು, ಬಂದ ಮೇಲೆ ನಡೆದರೆ ಅರ್ಧ ಪ್ರಯೋಜನ.

ಎರಡು, ಭವಿಷ್ಯನಿಧಿ ಸಂಸ್ಥೆ 2023ರಿಂದ ಪ್ರತಿ ತಿಂಗಳು 27ರಂದು ಪ್ರತಿ ಜಿಲ್ಲೆಯಲ್ಲಿ ‘ನಿಧಿ ಆಪ್ಕೆ ನಿಕಟ್’ ಶಿಬಿರ ನಡೆಸುತ್ತದೆ. ಆ ದಿನ ರಜೆ ಇದ್ದರೆ ಮುಂದಿನ ಕೆಲಸದ ದಿನ. ಕಮಿಟಿಯ ಒಬ್ಬ ಯುವಕ ಊರಿನ ತೊಡಕಿನ ಅರ್ಜಿಗಳನ್ನು ಕೂಡಿಸಿ, ಅವರನ್ನು ಕರೆದುಕೊಂಡು ಹೋಗಲಿ.

ಮೂರು, ಪ್ರತಿ ಮನೆಯಲ್ಲಿ ಒಂದೇ ಹಾಳೆ. ಖಾತೆಗಳು, ಯುಎಎನ್, ಪ್ರಾನ್, ಪಾಲಿಸಿ ಸಂಖ್ಯೆ, ಪ್ರತಿಯೊಂದಕ್ಕೂ ನಾಮಿನಿ, ಯಾವ ಮೊಬೈಲ್ ಸಂಖ್ಯೆ ಜೋಡಿಸಿದೆ, ಯಾರನ್ನು ಕೇಳಬೇಕು. ಪಾಸ್‌ವರ್ಡ್ ಮತ್ತು ಒಟಿಪಿ ಆ ಹಾಳೆಯಲ್ಲಿ ಬರೆಯಬಾರದು, ಯಾವ ಸ್ವಯಂಸೇವಕನಿಗೂ ಹೇಳಬಾರದು. ಹಾಳೆಯನ್ನು ವರ್ಷಕ್ಕೊಮ್ಮೆ, ಹೊಸ ಖಾತೆಕಿರ್ದಿ ಪೂಜೆಯ ದಿನ ತಿದ್ದಿ. ಹೆಂಡತಿಗೆ ಅದನ್ನು ಓದಿ ಹೇಳಿ. ಹಳೆಯ ಠೇವಣಿ ಮರೆತಿದ್ದರೆ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್‌ನಲ್ಲಿ ಹುಡುಕಬಹುದು.

ನಾಲ್ಕು, ಸಲಹೆ ಕೊಡುವವರಿಂದ ಒಂದು ಬರಹ ಕೇಳಿ: ಏನು ಸಲಹೆ, ಯಾಕೆ, ಇದರಿಂದ ನಿಮಗೆ ಎಷ್ಟು ಸಿಗುತ್ತದೆ. ಆ ಬರಹವನ್ನು ಇನ್ನೊಬ್ಬರಿಗೆ ತೋರಿಸಲು ಅವರು ಒಪ್ಪಬೇಕು. ಒಪ್ಪದವರ ಸಲಹೆ ಬೇಡ.

ಮನೆಯ ಹಣದ ವಿಷಯ ಕಮಿಟಿಗೆ ಯಾಕೆ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಯಾರ ಬಳಿ ಎಷ್ಟಿದೆ ಎಂದು ಕಮಿಟಿ ಕೇಳಕೂಡದು, ಯಾವ ಕಂಪನಿಯ ಹೆಸರನ್ನೂ ವೇದಿಕೆಯಿಂದ ಶಿಫಾರಸು ಮಾಡಕೂಡದು, ಪದಾಧಿಕಾರಿಗಳಲ್ಲಿ ಏಜೆಂಟರಿದ್ದರೆ ಅದನ್ನು ಮೊದಲೇ ಹೇಳಬೇಕು. ಕಮಿಟಿಯ ಕೆಲಸ ಜನರನ್ನು ಕೂಡಿಸುವುದಷ್ಟೇ. ಸಮಾಜದ ಹೆಸರು ಹೇಳಿ ಹಣ ಕೂಡಿಸಲು ಬರುವವರನ್ನು ದೂರ ಇಡಲೂ ಈ ಗೆರೆ ಬೇಕು.

ನವನಗರದಿಂದ ಐಹೊಳೆ ದೂರವಿಲ್ಲ. ಹುನಗುಂದ ತಾಲ್ಲೂಕಿನ ಆ ಊರಿನಲ್ಲಿ 634ರಲ್ಲಿ ರವಿಕೀರ್ತಿ ಜಿನಾಲಯ ಕಟ್ಟಿಸಿದ. ಅದೇ ಊರಿನ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘ ಮುಂದೆ ದಕ್ಷಿಣದ ತುಂಬ ವ್ಯಾಪಾರ ಮಾಡಿತು. ಅವರ ಶಾಸನ ಕಡಲಾಚೆ ಸುಮಾತ್ರದಲ್ಲೂ ಸಿಕ್ಕಿದೆ. ಬೇರೆ ಬೇರೆ ಊರಿನ, ಬೇರೆ ಬೇರೆ ಸರಕಿನ ವರ್ತಕರು ಒಂದು ಕಟ್ಟಳೆಗೆ ಒಳಪಟ್ಟು ದುಡಿದದ್ದರಿಂದ ಅದು ಸಾಧ್ಯವಾಯಿತು. ಆ ಮಣ್ಣಿನ ವರ್ತಕರಾದ ನಾವು ಒಂದು ಬ್ಯಾಂಕ್, ಒಂದು ಅಂಚೆ ಕಚೇರಿ, ಒಬ್ಬ ಏಜೆಂಟ್, ಒಬ್ಬ ಲೆಕ್ಕಪರಿಶೋಧಕರನ್ನು ಒಂದು ಮಧ್ಯಾಹ್ನ ಒಂದೇ ಚಾಪೆಯ ಮೇಲೆ ಕೂಡಿಸಲಾರೆವೇ? ಪರಿಹಾರದ ಮೊದಲ ಕಂತು ಊರಿಗೆ ಬರುವ ಮೊದಲು ಅಷ್ಟಾದರೂ ಆಗಲಿ.

ಜೈ ಜಿನೇಂದ್ರ.